ಮನೆ ಕಾಯಲು ಕೋವಿ: ಉತ್ತರ ಕನ್ನಡದವರು ಕೊಳ್ಳುವ ಮೊದಲು ಮಾಡಬೇಕಾದ ವಿಚಾರ

ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಅಡಿಕೆ ತೋಟದ ತಲೆಯಲ್ಲಿ ಒಂಟಿಯಾಗಿ ನಿಂತ ಮನೆಗಳು ಬೇಕಾದಷ್ಟಿವೆ. ಮಕ್ಕಳು ಬೆಂಗಳೂರು ಸೇರಿ, ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಇಂಥ ಮನೆಗಳಲ್ಲಿ ರಾತ್ರಿ ನಾಯಿ ಬೊಗಳಿದರೆ ಎದ್ದು ಹೊರಗೆ ಹೋಗಲು ಧೈರ್ಯ ಸಾಲುವುದಿಲ್ಲ. ಘಟ್ಟ ಇಳಿದರೆ ಕಾರವಾರ, ಅಂಕೋಲಾ, ಕುಮಟಾ ಪೇಟೆಗಳಲ್ಲಿ ಮನೆಗೆ ಮನೆ ತಾಗಿಕೊಂಡಿದ್ದು, ಒಬ್ಬರ ಅಡುಗೆಮನೆಯ ಮಾತು ಇನ್ನೊಬ್ಬರ ಹಿತ್ತಲಿಗೆ ಕೇಳುತ್ತದೆ. ಈ ಎರಡೂ ಕಡೆಯವರು ‘ಮನೆಗೊಂದು ಕೋವಿ ಇರಲಿ’ ಎನ್ನುವುದುಂಟು. ಆದರೆ ಒಬ್ಬರಿಗೆ ಹೊಂದುವ ಕೋವಿ ಇನ್ನೊಬ್ಬರಿಗೆ ಹೊಂದುವುದಿಲ್ಲ, ಕೆಲವರಿಗಂತೂ ಯಾವ ಕೋವಿಯೂ ಹೊಂದುವುದಿಲ್ಲ. ಅಂಗಡಿಗೆ ಹೋಗುವ ಮೊದಲು ಯಾವ ಕ್ರಮದಲ್ಲಿ ವಿಚಾರ ಮಾಡಬೇಕು, ಹೋದ ಮೇಲೆ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ಹೇಳಿದೆ.

ಮೊದಲ ಹೆಜ್ಜೆ: ಭಯ ಯಾವುದರದು?

ಕೋವಿ ಬೇಕು ಎನ್ನುವವರನ್ನು ಕೂರಿಸಿ ಕೇಳಿದರೆ ಸಾಮಾನ್ಯವಾಗಿ ಮೂರು ಬಗೆಯ ಭಯಗಳು ಒಂದರೊಳಗೊಂದು ಬೆರೆತಿರುತ್ತವೆ. ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯನ್ನು ಕದ್ದೊಯ್ಯುತ್ತಾರೆ ಎಂಬುದು ಒಂದು, ಹಂದಿ, ಕರಡಿ, ಚಿರತೆಗಳ ಕಾಟ ಇನ್ನೊಂದು, ಜಮೀನಿನ ತಕರಾರಿನಿಂದಲೋ ವ್ಯವಹಾರದಿಂದಲೋ ಹುಟ್ಟಿದ ನಿಜವಾದ ಪ್ರಾಣಬೆದರಿಕೆ ಮೂರನೆಯದು. ಇವುಗಳಲ್ಲಿ ಮೊದಲನೆಯದಕ್ಕೆ ಕೋವಿ ಉತ್ತರವೇ ಅಲ್ಲ. ಅಂಗಳದ ಅಡಿಕೆಗಾಗಿ ಮನುಷ್ಯನ ಮೇಲೆ ಈಡು ಹೊಡೆದವನನ್ನು ಕಾನೂನು ಕಾಪಾಡುವುದಿಲ್ಲ. ಆ ಕೆಲಸವನ್ನು ಒಳ್ಳೆಯ ದೀಪ, ಬೀಗವಿರುವ ದಾಸ್ತಾನು ಕೋಣೆ, ನಾಯಿ, ಸಿಸಿಟಿವಿ ಮತ್ತು 112ಕ್ಕೆ ಮಾಡುವ ಕರೆ ಹೆಚ್ಚು ಚೆನ್ನಾಗಿ ಮಾಡುತ್ತವೆ. ಎರಡನೆಯದಕ್ಕೆ ಬೇರೆಯದೇ ಲೈಸೆನ್ಸು ಮತ್ತು ಬೇರೆಯದೇ ಕಾನೂನು ಇದೆ. ಮೂರನೆಯ ಬಗೆಯ ಭಯವಿದ್ದವರು ಮೊದಲು ಠಾಣೆಯಲ್ಲಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿರಬೇಕು. ಬೆದರಿಕೆಯನ್ನು ತಡೆಯುವ ಮೊದಲ ದಾರಿ ಅದೇ ಆಗಿದ್ದು, ಮುಂದೆ ಲೈಸೆನ್ಸಿನ ಅರ್ಜಿಗೆ ಆಧಾರವಾಗುವುದೂ ಅದೇ ಕಾಗದ.

ಇದರ ಜೊತೆಗೆ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುಡಿದು ಜಗಳವಾಡುವವರು, ಮನಸ್ಸು ಕುಗ್ಗಿ ಬದುಕಿನ ಮೇಲೆ ಬೇಸರಪಟ್ಟುಕೊಂಡವರು, ಮರೆವಿನ ಕಾಯಿಲೆಯ ಹಿರಿಯರು, ಬೀಗದ ಕೈ ಎಲ್ಲಿದೆ ಎಂದು ಪತ್ತೆ ಮಾಡುವ ವಯಸ್ಸಿನ ಮಕ್ಕಳು ಇರುವ ಮನೆಗೆ ಕೋವಿ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಳ್ಳ ಬರುವ ರಾತ್ರಿ ಬರದೆಯೂ ಹೋಗಬಹುದು, ಆದರೆ ಆ ಮನೆಯಲ್ಲಿ ಅಪಾಯ ದಿನವೂ ಇದ್ದೇ ಇರುತ್ತದೆ.

ಎರಡನೆಯ ಹೆಜ್ಜೆ: ಯಾವಾಗ ಬಳಸಬಹುದು ಎಂದು ತಿಳಿದಿರುವುದು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಹಳೆಯ ದಂಡ ಸಂಹಿತೆಯಲ್ಲಿ ಇವು 96ರಿಂದ 106ರವರೆಗೆ ಇದ್ದವು. ಕಲಮು 38ರ ಪ್ರಕಾರ, ಸಾವು ಅಥವಾ ತೀವ್ರ ಗಾಯ ಆದೀತೆಂಬ ಸಕಾರಣ ಭಯ ಹುಟ್ಟಿಸುವ ಹಲ್ಲೆಯೇ ಮುಂತಾದ ಕೆಲವೇ ಸಂದರ್ಭಗಳಲ್ಲಿ ಎದುರಾಳಿಯ ಪ್ರಾಣ ಹೋಗುವ ಮಟ್ಟಿಗೂ ಆತ್ಮರಕ್ಷಣೆ ಮಾಡಿಕೊಳ್ಳಬಹುದು. ಆಸ್ತಿಯ ವಿಷಯದಲ್ಲಿ ಕಲಮು 41 ಇನ್ನೂ ಬಿಗಿಯಾಗಿದೆ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿಯಿಡುವುದು, ಜೀವಭಯ ಹುಟ್ಟಿಸುವಂಥ ಕಳ್ಳತನ ಅಥವಾ ಮನೆ ಅತಿಕ್ರಮಣ ಇಂಥವುಗಳಿಗೆ ಮಾತ್ರ ಅಷ್ಟು ದೂರದ ಹಕ್ಕಿದೆ. ಇವೆಲ್ಲಕ್ಕೂ ಕಲಮು 37ರ ಕಡಿವಾಣವಿದ್ದು, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇರುವುದಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದ ಈಡು ರಕ್ಷಣೆ ಎನಿಸಿಕೊಳ್ಳುವುದು ಬಹಳ ಕಷ್ಟ.

ಕತ್ತಲೆಯಲ್ಲಿ ಕಾಣುವ ಆಕೃತಿ ಯಾರದು ಎಂಬುದು ತಿಳಿಯುವವರೆಗೆ ನಳಿಗೆಯನ್ನು ಅತ್ತ ತಿರುಗಿಸಲೂಬಾರದು. ಕೊಯ್ಲಿನ ಕಾಲದಲ್ಲಿ ಬೆಳಕು ಹರಿಯುವ ಮೊದಲೇ ಅಂಗಳಕ್ಕೆ ಬರುವ, ಅಡಿಕೆ ಕೊನೆ ಇಳಿಸುವ ಕೊನೆಗೌಡ, ತಡರಾತ್ರಿಯ ಬಸ್ಸಿಳಿದು ಹೇಳದೆ ಬಂದ ಮಗ, ದನ ಹುಡುಕುತ್ತ ಬಂದ ನೆರೆಯವರು ನಮ್ಮ ಮನೆಗಳಿಗೆ ಹೊಸಬರೇನಲ್ಲ.

ಮೂರನೆಯ ಹೆಜ್ಜೆ: ಲೈಸೆನ್ಸು

‘ಕೊಡಗಿನಲ್ಲಿ ಎಲ್ಲರ ಮನೆಯಲ್ಲೂ ಕೋವಿ ಇದೆಯಲ್ಲ’ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ಕೊಟ್ಟಿರುವ ವಿಶೇಷ ವಿನಾಯಿತಿ ಅದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಉತ್ತರ ಕನ್ನಡಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸು ಪಡೆಯದೆ ಯಾವ ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ. ಕಮ್ಮಾರಸಾಲೆಯಲ್ಲಿ ಕದ್ದು ಮಾಡಿದ ನಾಡಬಂದೂಕು ಸಿಕ್ಕಿಬಿದ್ದರೆ ಜೈಲು ತಪ್ಪದು, ಸಿಕ್ಕಿಬೀಳದಿದ್ದರೂ ಅದರ ನಳಿಗೆ ಹೊಡೆದವನ ಮುಖದ ಬಳಿಯೇ ಸೀಳುವ ಸಾಧ್ಯತೆ ಇದ್ದೇ ಇದೆ.

ಯಾವ ಕೋವಿ ಬೇಕೆಂದು ನಿರ್ಧರಿಸುವವರು ಕಾಯ್ದೆಯ 13ನೆಯ ಕಲಮನ್ನು ಗಮನವಿಟ್ಟು ಓದಬೇಕು, ಏಕೆಂದರೆ ಆಯ್ಕೆಯ ಅರ್ಧ ಭಾಗವನ್ನು ಕಾಯ್ದೆಯೇ ಮಾಡಿಟ್ಟಿದೆ. 20 ಇಂಚಿಗೆ, ಎಂದರೆ ಸುಮಾರು 51 ಸೆಂಟಿಮೀಟರಿಗೆ, ಕಡಿಮೆಯಿಲ್ಲದ ನಳಿಗೆಯ, ಒಳಗೆ ಸುರುಳಿಗೆರೆಗಳಿಲ್ಲದ ನಯ ನಳಿಗೆಯ ಕೋವಿಯನ್ನು ರಕ್ಷಣೆಗಾಗಿ ಕೇಳಿದರೆ, ಅಥವಾ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗಾಗಿ ಕೇಳಿದರೆ, ನಿರಾಕರಣೆಗೆ ಬೇರೆ ಕಾರಣಗಳಿಲ್ಲದಾಗ ಲೈಸೆನ್ಸು ಕೊಡಬೇಕು ಎಂದು ಅದು ಹೇಳುತ್ತದೆ. ಪಿಸ್ತೂಲು, ರಿವಾಲ್ವರು, ರೈಫಲ್ಲುಗಳಿಗಾದರೋ ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆದ್ದರಿಂದ ತೋಟದ ಮನೆಯವರು ರಿವಾಲ್ವರಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುವುದಕ್ಕಿಂತ ನಯ ನಳಿಗೆಯ ಕೋವಿಗೆ ಹಾಕುವುದು ಜಾಣತನ.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ನಮೂನೆ ಎ-1ರಲ್ಲಿ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ಗುರುತು ಮತ್ತು ವಾಸದ ದಾಖಲೆ, ಫೋಟೋ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಶಸ್ತ್ರ ಸುರಕ್ಷತೆಯ ತರಬೇತಿ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವುಗಳೊಂದಿಗೆ ಕಾರವಾರದ ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ, ಎಂದರೆ ಜಿಲ್ಲಾಧಿಕಾರಿಗಳ ಕಚೇರಿಗೆ, ಸಲ್ಲಿಸಬೇಕು. ಠಾಣೆಯಿಂದ ವಿಚಾರಣೆ ನಡೆದು ವರದಿ ಹೋಗುತ್ತದೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಮುಂದಿನ ಶಿಬಿರ ಯಾವಾಗ ಎಂದು ಠಾಣೆಯಲ್ಲಿಯೇ ವಿಚಾರಿಸಿಡಬೇಕು. ಅರ್ಜಿ ತಿರಸ್ಕೃತವಾದರೆ 18ನೆಯ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ಅರ್ಜಿದಾರರ ಬಳಿ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ ಎಂಬುದು ಸಣ್ಣ ಹಿಡುವಳಿದಾರರು ತಿಳಿದಿರಬೇಕಾದ ಸಂಗತಿ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ, ಅನೇಕರಿಗೆ ಅದು ಅರ್ಜಿ ಹಾಕಿದ ಮೇಲೆಯೇ ಗೊತ್ತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನ ಪ್ರಕಾರ, ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ಹೊಸ ಶಸ್ತ್ರ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ದಾಂಡೇಲಿ ಅಭಯಾರಣ್ಯ, ಶರಾವತಿಯ ಸಿಂಗಳೀಕ ಅಭಯಾರಣ್ಯ, ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮ ಇವುಗಳ ಸುತ್ತ 10 ಕಿಲೋಮೀಟರು ಎಳೆದರೆ ಎಷ್ಟು ಹಳ್ಳಿಗಳು ಒಳಗೆ ಬರುತ್ತವೆ ಎಂಬುದನ್ನು ನಕ್ಷೆ ನೋಡಿದವರು ಬಲ್ಲರು. ಜೋಯಿಡಾ, ದಾಂಡೇಲಿ, ಹೊನ್ನಾವರದ ಘಟ್ಟದ ಅಂಚಿನವರು ಇದನ್ನು ಮೊದಲೇ ಅರಣ್ಯ ಇಲಾಖೆಯಲ್ಲಿ ಖಚಿತಪಡಿಸಿಕೊಂಡರೆ ಕಾರವಾರಕ್ಕೆ ವ್ಯರ್ಥವಾಗಿ ಓಡಾಡುವುದು ತಪ್ಪುತ್ತದೆ.

ಬೆಳೆ ರಕ್ಷಣೆಯ ಕೋವಿ ಇದೆಯೆಂದ ಮಾತ್ರಕ್ಕೆ ಹಂದಿ ಹೊಡೆಯುವ ಅಧಿಕಾರ ಬಂದಂತಲ್ಲ. ಕಾಡುಹಂದಿಯೂ ವನ್ಯಜೀವಿ ಕಾಯ್ದೆಯ ಅನುಸೂಚಿಯಲ್ಲಿರುವ ಪ್ರಾಣಿಯೇ, ಹೊಡೆಯಲು ಅಧಿಕೃತ ಅನುಮತಿ ಬೇಕು. ಕರಡಿಯೋ ಚಿರತೆಯೋ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದದ್ದು 11ನೆಯ ಕಲಮಿನಡಿ ಅಪರಾಧವಾಗದು, ಆದರೆ ಹೊಡೆದವನು ಆ ಹೊತ್ತಿನಲ್ಲಿ ಶಿಕಾರಿಯಂಥ ಕಾನೂನುಬಾಹಿರ ಕೆಲಸದಲ್ಲಿ ತೊಡಗಿರಬಾರದು.

ನಾಲ್ಕನೆಯ ಹೆಜ್ಜೆ: ಮನೆಗೆ ತಕ್ಕ ಕೋವಿ

ಒಂಟಿ ಮನೆಯವರಿಗೆ 12 ಬೋರಿನ (ಬೋರು ಎಂದರೆ ನಳಿಗೆಯ ಒಳಗಲದ ಅಳತೆ) ಜೋಡುನಳಿಗೆ ಕೋವಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಅದರ ರಚನೆ ಸರಳ. ನಡುವೆ ಮಡಿಸಿದರೆ ತೋಟಾ, ಎಂದರೆ ಕಾಡತೂಸು, ಇದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ, ಬೆರಳಿಟ್ಟು ನೋಡಿಯೂ ತಿಳಿಯಬಹುದು. ಅಪರೂಪಕ್ಕೆ ಕೋವಿ ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಮುಂದಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋಟಾ ಏರಿಸುವ ಪಂಪ್ ಕೋವಿಯಲ್ಲಿ ಹೆಚ್ಚು ತೋಟಾ ಹಿಡಿಯುತ್ತದೆ ನಿಜ, ಆದರೆ ಕೈ ನಡುಗುವಾಗ ಅರ್ಧಕ್ಕೆ ಎಳೆದು ಸಿಕ್ಕಿಸಿಕೊಳ್ಳುವುದು, ಒಳಗೊಂದು ತೋಟಾ ಉಳಿದಿರುವುದನ್ನು ಮರೆಯುವುದು ಅದರಲ್ಲಿಯೇ ಹೆಚ್ಚು. ಅಭ್ಯಾಸಕ್ಕೆ ಸಮಯ ಕೊಡಲಾಗದವರು ಅದನ್ನು ಬಿಟ್ಟುಬಿಡುವುದು ಲೇಸು.

12 ಬೋರಿಗೂ ಕೊರತೆಗಳಿವೆ. ಸುಮಾರು ಮೂರು ಕಿಲೋ ತೂಗುವ, ಮೀಟರಿಗಿಂತ ಉದ್ದದ ಕೋವಿಯನ್ನು ಹಳೆಯ ಮನೆಯ ಕಿರಿದಾದ ಬಾಗಿಲುಗಳಲ್ಲಿ ತಿರುಗಿಸುವುದು ಸುಲಭವಲ್ಲ, ಅದರ ಒದೆತವನ್ನು ವಯಸ್ಸಾದ ಹೆಗಲು ತಾಳಬೇಕು. ಕೊಳ್ಳುವವರಷ್ಟೇ ಅಲ್ಲದೆ ಬಳಸಬೇಕಾಗಬಹುದಾದ, ಲೈಸೆನ್ಸಿರುವ ವ್ಯಕ್ತಿಯೇ ಅದನ್ನು ಹೆಗಲಿಗೇರಿಸಿ ನೋಡಬೇಕು. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹರಡುವುದರಿಂದ ಗುರಿಯೇ ಬೇಡ ಎಂಬ ತಪ್ಪು ತಿಳಿವಳಿಕೆಯೂ ಇದೆ. ಕೋಣೆಯೊಳಗಿನ ನಾಲ್ಕೈದು ಮೀಟರಿನಲ್ಲಿ ಚರೆ ಅಂಗೈಯಗಲದಷ್ಟೇ ಹರಡುತ್ತದೆ, ಗುರಿ ತಪ್ಪಿದರೆ ಇಡೀ ಗುಂಪು ತಪ್ಪುತ್ತದೆ. ದಪ್ಪ ಚರೆಯ ತೋಟಾ ಹಲಗೆಯ ಅಡ್ಡಗೋಡೆಯನ್ನೂ ತೆಳು ಬಾಗಿಲನ್ನೂ ತೂರಿ ಆಚೆ ಮಲಗಿದವರನ್ನು ತಾಗಬಲ್ಲದು. ಚಿರೇಕಲ್ಲಿನ ಗೋಡೆ ತಡೆಯುತ್ತದೆ, ಅದರಲ್ಲಿನ ಕಿಟಕಿ ತಡೆಯುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಯಾವ ಗೋಡೆ ಕಲ್ಲಿನದು, ಯಾವುದು ಹಲಗೆಯದು ಎಂದು ಹಗಲಿನಲ್ಲಿಯೇ ನಡೆದು ನೋಡಿಡಬೇಕು.

ಕಾರವಾರ ಅಥವಾ ಭಟ್ಕಳದ ಪೇಟೆಯೊಳಗಿನ ಒತ್ತೊತ್ತಾದ ಮನೆಗಳಿಗೆ ಯಾವ ಕೋವಿಯನ್ನೂ ನಾನು ಸೂಚಿಸಲಾರೆ. ನಿಜವಾದ ಬೆದರಿಕೆ ಇರುವ ವ್ಯಾಪಾರಿಗೋ ವಕೀಲರಿಗೋ ಲೈಸೆನ್ಸು ಸಿಕ್ಕಿದ್ದೇ ಆದರೆ .32 ಬೋರಿನ ರಿವಾಲ್ವರು ಒಂದು ದಾರಿ. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಈ ಬೋರಿನ ರಿವಾಲ್ವರುಗಳು ತಯಾರಾಗುತ್ತವೆ. 2014ರಲ್ಲಿ ಬಂದ ಸುಮಾರು 500 ಗ್ರಾಮಿನ ‘ನಿರ್ಭೀಕ್’ ಮತ್ತು 2023ರಲ್ಲಿ ಬಂದ ‘ಪ್ರಬಲ್’ ಇವುಗಳಲ್ಲಿ ಸೇರಿವೆ. ಹಗುರವಾದಷ್ಟೂ ಕೈಯಲ್ಲಿ ಹೆಚ್ಚು ಎಗರುತ್ತದೆ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಕೈಬಂದೂಕಿನಲ್ಲಿ ಗುರಿ ಹಿಡಿಯುವುದು ಉದ್ದ ಕೋವಿಗಿಂತ ಬಹಳ ಕಷ್ಟ, ನಿಯಮಿತ ಅಭ್ಯಾಸವಿಲ್ಲದವರ ಕೈಯಲ್ಲಿ ಅದರ ಗುಂಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. 9 ಎಂ.ಎಂ. ಪಿಸ್ತೂಲು ಮತ್ತು .303 ರೈಫಲ್ಲು ನಿಷೇಧಿತ ಬೋರಿನವಾದ್ದರಿಂದ ಜಿಲ್ಲಾಧಿಕಾರಿಗಳು ಅವುಗಳಿಗೆ ಲೈಸೆನ್ಸು ಕೊಡುವಂತಿಲ್ಲ. .315 ರೈಫಲ್ಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗುವುದರಿಂದ ಮನೆಯ ರಕ್ಷಣೆಗೆ ಅದು ಸಲ್ಲದು. ಏರ್‌ಗನ್ನು ರಕ್ಷಣೆಯ ಸಾಧನವೇ ಅಲ್ಲ.

ಐದನೆಯ ಹೆಜ್ಜೆ: ಹಳೆಯ ಕೋವಿಯಾದರೆ ಪರೀಕ್ಷೆ

ನಮ್ಮ ಕಡೆ ಹೊಸ ಕೋವಿ ಕೊಳ್ಳುವವರಿಗಿಂತ ಅಜ್ಜನ ಕಾಲದ ಕೋವಿಯನ್ನು ಹೆಸರಿಗೆ ಮಾಡಿಕೊಳ್ಳುವವರು, ಕೈಬದಲಾದ ಕೋವಿ ಕೊಳ್ಳುವವರು ಹೆಚ್ಚು. ಲೈಸೆನ್ಸುದಾರರು ತೀರಿಕೊಂಡಾಗ ಕೋವಿಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳದೆ ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾದಾಗ ಅಥವಾ ಕೋವಿ ಅವರ ಬಳಿ 25 ವರ್ಷವಿದ್ದಾಗ, ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅವಕಾಶವಿದೆ. ಸಾಯುವವರೆಗೆ ಕಾಯುವುದಕ್ಕಿಂತ ಇದು ಎಷ್ಟೋ ಸುಲಭ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ವಾರಸಿನಿಂದ ಬಂದದ್ದೂ ಈ ಲೆಕ್ಕದಲ್ಲಿ ಸೇರುತ್ತದೆ.

ಹಳೆಯ ಜೋಡುನಳಿಗೆಯನ್ನು ಕೈಗೆತ್ತಿಕೊಂಡ ಕೂಡಲೇ ಮಡಿಸಿ ಎರಡೂ ನಳಿಗೆ ಖಾಲಿಯಿವೆಯೆಂದು ನೋಡಿಕೊಳ್ಳಬೇಕು. ನಂತರ ನಳಿಗೆಯ ಕೆಳಗಿನ ಮರದ ಹಿಡಿಯಾದ ಮುಂಗಟ್ಟಿಗೆಯನ್ನು ಬಿಚ್ಚಿ ನಳಿಗೆಗಳನ್ನು ಬೇರ್ಪಡಿಸಿ, ಕೆಳಗಿನ ಕೊಕ್ಕೆಯಲ್ಲಿ ಬೆರಳು ತೂರಿಸಿ ತೂಗಾಡುವಂತೆ ಹಿಡಿದು ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿಯಾಗಿರುವ ನಳಿಗೆ ಗಂಟೆಯಂತೆ ನಿಡಿದಾಗಿ ದನಿ ಕೊಡುತ್ತದೆ. ಒಡಕು ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳನ್ನು ಕೂಡಿಸಿದ ಬೆಸುಗೆ ಎಲ್ಲೋ ಬಿಟ್ಟಿದೆ ಎಂದರ್ಥ. ಬೆಳಕಿನ ಕಡೆ ಹಿಡಿದು ಒಳಗೆ ನೋಡಿದಾಗ ಬೆಳಕಿನ ಉಂಗುರಗಳು ದುಂಡಗೆ, ಒಂದರೊಳಗೊಂದು ಕಾಣಬೇಕು. ಎಲ್ಲಿಯಾದರೂ ಉಂಗುರ ತಗ್ಗಾಗಿ ನೆರಳು ಬಿದ್ದಿದ್ದರೆ ಅಲ್ಲಿ ನಳಿಗೆ ಬಡಿದು ನೆಗ್ಗಿದೆ, ಕಪ್ಪು ಚುಕ್ಕೆಗಳಿದ್ದರೆ ತುಕ್ಕು ಕೊರೆದಿದೆ. ಮತ್ತೆ ಜೋಡಿಸಿ ಕಿವಿಯ ಬಳಿ ಅಲುಗಾಡಿಸಿದಾಗ ಕಟಕಟ ಸದ್ದು ಬರಬಾರದು.

ಇದಕ್ಕಿಂತಲೂ ಮುಖ್ಯವಾದದ್ದು ತೋಟಾ ಕೂರುವ ಮನೆಯ ಉದ್ದ. ಹಳೆಯ ಇಂಗ್ಲಿಷ್, ಬೆಲ್ಜಿಯಂ ಕೋವಿಗಳು ಹೆಚ್ಚಾಗಿ 65 ಮಿಲಿಮೀಟರಿನ ತೋಟಾಕ್ಕೆ ಮಾಡಿದವು, ಈಗ ಸಿಗುವ ತೋಟಾಗಳಲ್ಲಿ 70 ಮಿಲಿಮೀಟರಿನವು ಸಾಮಾನ್ಯ. ಬಾಯಿ ಮಡಿಸಿದ ತೋಟಾ ಗಿಡ್ಡದಾಗಿ ಕಾಣುವುದರಿಂದ ಅದು ಹಳೆಯ ಕೋವಿಯಲ್ಲಿ ತಕರಾರಿಲ್ಲದೆ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಈಡು ಹಾರಿದಾಗ ಮಾತ್ರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರಿ ನಳಿಗೆ ಬಿರಿಯುವ ಅಪಾಯವಿದೆ. ನಳಿಗೆಯ ಅಡಿಯಲ್ಲಿ ಒತ್ತಿರುವ 65 ಅಥವಾ 70 ಎಂಬ ಅಂಕಿಯನ್ನು ಓದದೆ ತೋಟಾ ಕೊಳ್ಳಬಾರದು. ನಳಿಗೆಯ ಮೈಮೇಲೆ ನೀರಿನ ಅಲೆಯಂಥ ಹೆಣಿಗೆಯ ಗುರುತಿದ್ದರೆ ಅದು ಕಪ್ಪುಮದ್ದಿನ ಕಾಲದ್ದು. ಅದನ್ನು ಗೋಡೆಗೆ ಅಂದವೆಂದು ಇಟ್ಟುಕೊಳ್ಳಲು ಕೂಡ ಲೈಸೆನ್ಸು ಬೇಕಾಗಬಹುದು, ಹೊಡೆಯಲಂತೂ ಬಾರದು. ಸಂದೇಹವಿದ್ದರೆ ಲೈಸೆನ್ಸಿರುವ ಕೋವಿ ರಿಪೇರಿಯವರ ಕೈಗೆ ಕೊಡುವುದೇ ದಾರಿ.

ಆರನೆಯ ಹೆಜ್ಜೆ: ಇಡುವ ಜಾಗ

ಜಗಲಿಯ ಗೂಟಕ್ಕೆ ಕೋವಿ ತೂಗುಹಾಕುವ ಕಾಲ ಮುಗಿಯಿತು. ಕೋವಿಯನ್ನು ಬಿಚ್ಚಿ ಗೋಡೆಗೆ ಬಿಗಿದ ಉಕ್ಕಿನ ಕಪಾಟಿನಲ್ಲಿಟ್ಟು, ತೋಟಾಗಳನ್ನು ಬೇರೆ ಬೀಗದಡಿ ಇಡಬೇಕು. ಹಾಗಿಟ್ಟರೆ ಹೊತ್ತಿಗೆ ಕೈಗೆ ಸಿಗುವುದಿಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಸತ್ಯವಿಲ್ಲದೆಯೂ ಇಲ್ಲ. ಆದರೆ ಆ ಎರಡು ನಿಮಿಷವನ್ನು ಕೊಡಬೇಕಾದದ್ದು ಮನೆಯ ಬಾಗಿಲು. ಮಲಗುವ ಕೋಣೆಗೆ ಗಟ್ಟಿ ಮರದ ಬಾಗಿಲು, ಒಳಗಿನಿಂದ ಅಡ್ಡ ಅಗುಳಿ, ಹಿತ್ತಲ ಬಾಗಿಲಿಗೆ ಕಬ್ಬಿಣದ ಗೇಟು ಹಾಕಿಸಿದ ಮೇಲೆ ಕೋವಿಯನ್ನು ದಿಂಬಿನಡಿ ಇಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಬಾಗಿಲಿಗೆ ಖರ್ಚು ಮಾಡದೆ ಕೋವಿಗೆ ಮಾಡುವುದು ತಲೆಕೆಳಗಾದ ಲೆಕ್ಕ.

ಕರಾವಳಿಯ ಉಪ್ಪುಗಾಳಿ, ಘಟ್ಟದ ಮೇಲಿನ ಮಳೆಗಾಲದ ಥಂಡಿ ಎರಡೂ ಕಬ್ಬಿಣಕ್ಕೆ ವೈರಿಗಳು. ಚರ್ಮದ ಚೀಲ ತೇವ ಹಿಡಿದಿಡುವುದರಿಂದ ಮಳೆಗಾಲದಲ್ಲಿ ಅದರೊಳಗೆ ಇಟ್ಟ ಕೋವಿಗೆ ತುಕ್ಕು ಬೇಗ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕೋವಿಯ ಎಣ್ಣೆಯನ್ನು ತೆಳ್ಳಗೆ ಸವರಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕುವ ರೂಢಿ ಒಳ್ಳೆಯದಲ್ಲ. ಸಿರಸಿಯ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯೊಳಗೆ ಗಟ್ಟಿಯಾಗುವ ಎಣ್ಣೆ ಈಡು ಹಾರಿಸುವ ಕೀಲಾದ ಕೋವಿಯ ಕುದುರೆಯೊಳಗೂ ಗಟ್ಟಿಯಾಗುತ್ತದೆ, ಕೆಲವು ವರ್ಷ ಕಳೆದರೆ ಅಂಟಾಗಿ ಹಿಡಿದುಕೊಳ್ಳುತ್ತದೆ. ಉಬ್ಬಿದ ಅಥವಾ ಹಿತ್ತಾಳೆಗೆ ಹಸಿರು ಬಂದ ತೋಟಾಗಳನ್ನು ಬಳಸದೆ ಮಾರಾಟಗಾರರಿಗೆ ತೋರಿಸಬೇಕು.

ಕೊಂಡ ಮೇಲೆ

ಲೈಸೆನ್ಸಿನಲ್ಲಿ ಬರೆದ ಅವಧಿಯೊಳಗೆ ಕೋವಿ ಕೊಂಡು, ಅದರ ನಂಬರನ್ನು ದಾಖಲಿಸಿಕೊಳ್ಳಬೇಕು. ಲೈಸೆನ್ಸಿನ ಅವಧಿ ಈಗ 5 ವರ್ಷ. ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಕೊಟ್ಟರೆ ಆತಂಕವಿರುವುದಿಲ್ಲ. ಜಾತ್ರೆ, ಮೆರವಣಿಗೆ, ಶಾಲಾ ಆವರಣಗಳಿಗೆ ಕೋವಿ ಒಯ್ಯುವಂತಿಲ್ಲ, ಸಿರಸಿಯ ಮಾರಿಕಾಂಬಾ ಜಾತ್ರೆಗೆ ಹೊರಟವರ ಸೊಂಟದಲ್ಲಿ ರಿವಾಲ್ವರು ಇರಕೂಡದು. ಮದುವೆಯ ಸಂಭ್ರಮದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕೋವಿ ಕಳುವಾದರೆ ಅಂದೇ ಠಾಣೆಗೆ ತಿಳಿಸಬೇಕು.

ಚುನಾವಣೆ ಘೋಷಣೆಯಾದಾಗ ಕೋವಿ ಠೇವಣಿ ಇಡುವಂತೆ ಜಿಲ್ಲಾಡಳಿತದಿಂದ ಆದೇಶ ಬರುತ್ತದೆ. ಬೆಳೆ ರಕ್ಷಣೆಗೋ ಜೀವರಕ್ಷಣೆಗೋ ಅಗತ್ಯವಿದ್ದು ವಿನಾಯಿತಿ ಬೇಕಿದ್ದರೆ, ಆದೇಶದಲ್ಲಿ ಹೇಳಿದ ದಿನದೊಳಗೆ ಕಾರಣ ಮತ್ತು ದಾಖಲೆ ಸಹಿತ ಬರಹದಲ್ಲಿ ಕೇಳಬೇಕು. ಠೇವಣಿ ಇಡುವಾಗ ತಯಾರಕರ ಹೆಸರು, ಕೋವಿಯ ನಂಬರು, ತೋಟಾಗಳ ಎಣಿಕೆ ಇವುಗಳನ್ನು ಬರೆದ ರಸೀದಿ ಪಡೆದು ಕೋವಿಯ ಸ್ಥಿತಿಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ವಾಪಸು ಪಡೆದ ದಿನ ಠಾಣೆಯಲ್ಲಿಯೇ ನಂಬರು ತಾಳೆ ನೋಡಿ, ಮನೆಗೆ ತಂದ ಕೂಡಲೇ ನಳಿಗೆಯೊಳಗೆ ತೇವ ಸೇರಿದೆಯೇ ಎಂದು ಪರಿಶೀಲಿಸಿ ಎಣ್ಣೆ ಹಾಕಿಡಬೇಕು.